ಅಶ್ವಹೃದಯವನ್ನು ಅರಿತಾಕೆ

“ಕುದುರೆ ಕಂಡರೆ ಕಾಲುನೋವು” ಎಂಬುದು ನಮ್ಮ ಹಿರಿಯರ ಗಾದೆ. ಅದುವರೆಗೆ ಆಯಾಸವಿಲ್ಲದೆ ನಡೆದು ಬಂದವನಿಗೆ, ಏರಿ ಕೂರಲು ಒಂದು ಕುದುರೆ ಕಣ್ಣಿಗೆ ಬಿದ್ದೊಡನೆ ಕಾಲುಗಳು ಸೋತು ಬರುವುವು! ಸೋಮಾರಿಯನ್ನು ಕುರಿತು ನಗಲೆಂದೇ ಹುಟ್ಟಿದ ಮಾತು ಇದು. ಆದರೆ ಕುದುರೆಯನ್ನು ಕಂಡೊಡನೆ ಕಾಲುಗಳಲ್ಲಿ ಬಲ ಉಡುಗುವ ಇನ್ನೊಂದು ಬಗೆಯ ಜನರೂ ಉಂಟು. ಅವರು ಸೋಮಾರಿಗಳಲ್ಲ. ಎಂದೋ ಒಮ್ಮೆ ಏರಿದವರು, ಏರಿ ಬಿದ್ದವರು. ಬಿದ್ದ ಪೆಟ್ಟು ಮಾಯ್ದ ಮೇಲೂ ಮನಸ್ಸಿನ ಪೆಟ್ಟು ಮಾಯದೆ ಉಳಿದವರು. ಬಾಲ್ಯದಲ್ಲಿ ನಗುನಗುತ್ತ ಸವಾರಿ ಮಾಡಿ, ಓದು, ಉದ್ಯೋಗ, ಸಂಸಾರಗಳ ನಡುವೆ ಅದನ್ನು ಮರೆತು, ಮೂವತ್ತೈದು ನಲವತ್ತರ ವಯಸ್ಸಿನಲ್ಲಿ ಮತ್ತೆ ಜೀನಿನ ಮೇಲೆ ಕೂರಬೇಕೆಂದಾಗ ಎದೆ ನಡುಗುವವರೂ ಈ ಗುಂಪಿನವರೇ.

ಅಂಥವರು ತಿಳಿಯಬೇಕಾದ ಕಥೆಯೊಂದು ಡೆನ್ಮಾರ್ಕ್ ದೇಶದಲ್ಲಿ ನಡೆದುಹೋಗಿದೆ. ಆ ಕಥೆಯ ನಾಯಕಿಗೆ ಬಂದದ್ದು ಗಾದೆಯ ಕಾಲುನೋವಲ್ಲ. ಆಕೆಯ ಮೊಣಕಾಲಿನ ಕೆಳಗೆ ಶಕ್ತಿಯೇ ಉಳಿದಿರಲಿಲ್ಲ. ಆದರೂ ಆಕೆ ಕುದುರೆಯನ್ನೇರಿದರು. ಲೋಕದ ಅತ್ಯುತ್ತಮ ಸವಾರರ ಪಂಕ್ತಿಯಲ್ಲಿ ಎರಡು ಬಾರಿ ಎರಡನೆಯವರಾಗಿ ನಿಂತರು. ಆಕೆಯ ಹೆಸರು ಲಿಸ್ ಹಾರ್ಟೆಲ್.

ಆ ಕಥೆಗೆ ಹೋಗುವ ಮೊದಲು, ಬೆಳೆದವರ ಈ ಭಯವೆಂದರೇನು, ಕುದುರೆ ಅದನ್ನು ಹೇಗೆ ಅರಿಯುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡುವುದು ಒಳ್ಳೆಯದು.

ಭಯದ ಭಾಷೆ

ಮಗು ಬಿದ್ದರೆ ಅಳುತ್ತದೆ. ಮರುಗಳಿಗೆ ಮೈಯ ಮಣ್ಣು ಕೊಡವಿ ಮತ್ತೆ ಏರುತ್ತದೆ. ದೊಡ್ಡವರ ವಿಷಯ ಹಾಗಲ್ಲ. ಬೀಳುವ ಮೊದಲೇ ಬಿದ್ದ ಚಿತ್ರವನ್ನು ಮನಸ್ಸಿನಲ್ಲಿ ಬರೆದುಕೊಳ್ಳುವ ಶಕ್ತಿ ಅವರಿಗೆ ಬಂದಿರುತ್ತದೆ. ಮೂಳೆ ಮುರಿದರೆ ಕೆಲಸಕ್ಕೆ ಹೋಗುವುದು ಹೇಗೆ, ಮನೆಯಲ್ಲಿ ಒಲೆ ಹಚ್ಚುವವರು ಯಾರು, ಮಕ್ಕಳನ್ನು ಶಾಲೆಗೆ ಕಳುಹಿಸುವವರು ಯಾರು ಎಂಬ ಚಿಂತೆಗಳು ಸಾಲುಗಟ್ಟುತ್ತವೆ. ಇವುಗಳ ಹಿಂದೆ ಇನ್ನೊಂದು ಸಂಕೋಚವೂ ಅಡಗಿರುತ್ತದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳುವ ಅಭಿಮಾನ ಮಕ್ಕಳಿಗಿಲ್ಲ. ಅದು ಬೆಳೆದವರ ಆಸ್ತಿ.

ಈ ಭಯ ಮನಸ್ಸಿನಲ್ಲಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದು ಮೈಗೆ ಇಳಿಯುತ್ತದೆ. ಹೆದರಿದ ಮನುಷ್ಯನ ಮೈ ಮುಂದಕ್ಕೆ ಬಾಗಿ ಮುದುಡಿಕೊಳ್ಳುತ್ತದೆ. ಹಿಮ್ಮಡಿ ಮೇಲೇಳುತ್ತದೆ. ತೊಡೆಗಳೂ ಮೀನಖಂಡಗಳೂ ಕುದುರೆಯ ಪಕ್ಕೆಗಳನ್ನು ಬಿಗಿಯಾಗಿ ಅಪ್ಪುತ್ತವೆ. ಕೈಗಳು ಲಗಾಮನ್ನು ಎಳೆದು ಹಿಡಿಯುತ್ತವೆ. ಉಸಿರು ಮೊಟಕಾಗುತ್ತದೆ. ಈಗ ಕುದುರೆಯ ಪಾಡನ್ನು ನೋಡಿ! ಪಕ್ಕೆಯನ್ನು ಒತ್ತುವುದೆಂದರೆ ಮುಂದೆ ನಡೆ ಎಂದು ಅದು ಕಲಿತಿದೆ. ಲಗಾಮನ್ನು ಎಳೆಯುವುದೆಂದರೆ ನಿಲ್ಲು ಎಂದು ಕಲಿತಿದೆ. ಒಂದೇ ಕ್ಷಣದಲ್ಲಿ ಎರಡೂ ಅಪ್ಪಣೆಗಳು ಬಂದರೆ ಅದು ಮಾಡುವುದೇನು? ತಲೆ ಕೊಡವುತ್ತದೆ, ತಪತಪನೆ ಹೆಜ್ಜೆ ಹಾಕುತ್ತದೆ. ಸವಾರ ಇನ್ನಷ್ಟು ಹೆದರುತ್ತಾನೆ, ಇನ್ನಷ್ಟು ಬಿಗಿಯುತ್ತಾನೆ. ಹೀಗೆ ಇಬ್ಬರ ದಿಗಿಲೂ ಒಂದನ್ನೊಂದು ಬೆಳೆಸುತ್ತ ಹೋಗುತ್ತದೆ.

ಕುದುರೆ ಹುಟ್ಟಿನಿಂದ ಬೇಟೆಗಾರ ಪ್ರಾಣಿಯಲ್ಲ. ಬೇಟೆಗೆ ಗುರಿಯಾಗಿದ್ದ ಪ್ರಾಣಿ. ಬಯಲಿನಲ್ಲಿ ಗುಂಪಾಗಿ ಮೇಯುತ್ತ, ಅಪಾಯದ ಸುಳಿವು ಸಿಕ್ಕೊಡನೆ ಓಡಿ ಬದುಕಿಕೊಂಡ ಕುಲ ಅದರದು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ಮೂಗಿನ ನೇರ ಮುಂದಿನ ಮತ್ತು ಬೆನ್ನ ಹಿಂದಿನ ಕಿರಿದಾದ ಜಾಗಗಳನ್ನು ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಎರಡು ಕಿವಿಗಳನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಬಲ್ಲದು. ಒಂದು ನೊಣ ಮೈಮೇಲೆ ಕುಳಿತರೂ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸಬಲ್ಲ ಪ್ರಾಣಿಗೆ, ಬೆನ್ನ ಮೇಲೆ ಕುಳಿತ ಮನುಷ್ಯನ ನಡುಕ ತಿಳಿಯದೆ ಹೋದೀತೆ?

ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಮಾತಿಗೆ ಸೊಗಸಾದ ಸಾಕ್ಷಿ. ಕೆಲವರು ಕುದುರೆಗಳನ್ನು ಕೈಹಿಡಿದು ನಡೆಸಿಕೊಂಡು, ಕೆಲವರು ಏರಿಕೊಂಡು, ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ನಾಲ್ಕು ಬಾರಿ ಹೋಗಬೇಕು. ಮನುಷ್ಯನ ಹೃದಯಬಡಿತ, ಕುದುರೆಯ ಹೃದಯಬಡಿತ ಎರಡನ್ನೂ ಅಳೆಯಲಾಗುತ್ತಿತ್ತು. ನಾಲ್ಕನೆಯ ಸಲ ಹೊರಡುವ ಮುಂಚೆ, “ಈ ಬಾರಿ ನೀವು ಹಾದುಹೋಗುವಾಗ ಒಂದು ಕೊಡೆಯನ್ನು ಬಿಚ್ಚುತ್ತೇವೆ” ಎಂದು ಅವರಿಗೆ ತಿಳಿಸಿದರು. ವಾಸ್ತವವಾಗಿ ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಕುದುರೆ ಬೆದರೀತೆಂದು ಹೆದರಿದ ಮನುಷ್ಯರ ಎದೆ ಬೇಗ ಬೇಗ ಬಡಿಯಿತು. ಜೊತೆಯಲ್ಲಿಯೇ ಕುದುರೆಗಳ ಎದೆಯೂ! ಕೊಡೆಯ ಮಾತು ಕುದುರೆಗೆ ತಿಳಿದಿರಲಿಲ್ಲ. ಅದು ಬೆದರಿದ್ದು ಬಿಚ್ಚದ ಕೊಡೆಗಲ್ಲ, ಮನುಷ್ಯನ ಅಂಜಿಕೆಗೆ.

ನಮ್ಮ ಪೂರ್ವಿಕರು ಇದಕ್ಕೊಂದು ಅಂದವಾದ ಹೆಸರನ್ನು ಕೊಟ್ಟಿದ್ದರು. ಮಹಾಭಾರತದ ವನಪರ್ವದಲ್ಲಿ ಬರುವ ನಳ ಮಹಾರಾಜನ ಕಥೆ ಕನಕದಾಸರ ‘ನಳಚರಿತ್ರೆ’ಯ ಮೂಲಕ ಕನ್ನಡಿಗರ ಮನೆಮನೆಗೂ ಪರಿಚಿತವಾದದ್ದು. ಪಗಡೆಯಲ್ಲಿ ರಾಜ್ಯ ಕಳೆದುಕೊಂಡು, ಕಾಡಿನಲ್ಲಿ ಮಡದಿಯನ್ನು ತೊರೆದು, ಕಾರ್ಕೋಟಕನ ಕಚ್ಚುವಿಕೆಯಿಂದ ರೂಪವನ್ನೂ ಕಳೆದುಕೊಂಡ ನಳನಿಗೆ ಕೊನೆಗೆ ಉಳಿದದ್ದು ಒಂದೇ ವಿದ್ಯೆ, ಅಶ್ವಹೃದಯ. ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾದ ಅವನು ಆ ವಿದ್ಯೆಯ ಬಲದಿಂದಲೇ ವಿದರ್ಭವನ್ನು ಸೇರಿದನು. ಅದನ್ನು ಋತುಪರ್ಣನಿಗೆ ಧಾರೆಯೆರೆದು ಅಕ್ಷಹೃದಯವನ್ನು ಪಡೆದನು. ದಮಯಂತಿಯನ್ನೂ ರಾಜ್ಯವನ್ನೂ ಮರಳಿ ಪಡೆದನು. ಕುದುರೆಯನ್ನು ಬಲದಿಂದ ಆಳುವುದಕ್ಕೆ ‘ಅಶ್ವಹೃದಯ’ವೆಂದು ಹೆಸರಿಡಲಿಲ್ಲ. ಅದರ ಹೃದಯವನ್ನು ಅರಿಯುವುದೇ ವಿದ್ಯೆ. ಗ್ರೀಸ್ ದೇಶದ ಕ್ಸೆನೊಫೋನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಶ್ವಾರೋಹಣವನ್ನು ಕುರಿತು ಬರೆದ ಗ್ರಂಥದಲ್ಲಿಯೂ ಕುದುರೆಯೊಡನೆ ಎಂದಿಗೂ ಕೋಪದಿಂದ ವ್ಯವಹರಿಸಕೂಡದೆಂಬ ಉಪದೇಶವೇ ಮುಖ್ಯವಾಗಿದೆ.

1944ರ ಆಘಾತ

ಲಿಸ್ ಹಾರ್ಟೆಲ್ ಹುಟ್ಟಿದ್ದು 1921ರ ಮಾರ್ಚ್ 14ರಂದು, ಡೆನ್ಮಾರ್ಕಿನ ಹೆಲೆರುಪ್‌ನಲ್ಲಿ. ಚಿಕ್ಕಂದಿನಿಂದ ಕುದುರೆಗಳ ಒಡನಾಟದಲ್ಲಿ ಬೆಳೆದ ಆಕೆ 1943 ಮತ್ತು 1944ರಲ್ಲಿ ತಮ್ಮ ದೇಶದ ಡ್ರೆಸ್ಸಾಜ್ ಪ್ರಶಸ್ತಿಯನ್ನು ಗೆದ್ದಿದ್ದರು. ಡ್ರೆಸ್ಸಾಜ್ ಎಂಬುದು ಓಟದ ಪಂದ್ಯವಲ್ಲ. ಅರುವತ್ತು ಮೀಟರು ಉದ್ದ, ಇಪ್ಪತ್ತು ಮೀಟರು ಅಗಲದ ಅಂಗಣದಲ್ಲಿ ಕುದುರೆ ಸವಾರನ ಕಣ್ಣಿಗೆ ಕಾಣದಂಥ ಸನ್ನೆಗಳನ್ನು ಅನುಸರಿಸಿ ನಡೆಯುವುದು, ತಿರುಗುವುದು, ಓರೆಯಾಗಿ ಸರಿಯುವುದು, ನಿಂತಲ್ಲಿಯೇ ತಾಳಕ್ಕೆ ಹೆಜ್ಜೆಯಿಡುವುದು—ಇವನ್ನು ತೀರ್ಪುಗಾರರು ಅಂಕವಿಟ್ಟು ಅಳೆಯುವ ಕಲೆ ಅದು. ನಮ್ಮ ಭರತನಾಟ್ಯದಂತೆ ಶಿಸ್ತು ಮತ್ತು ಲಾಲಿತ್ಯ ಎರಡೂ ಬೇಕಾದ ವಿದ್ಯೆ.

1944ರ ಸೆಪ್ಟೆಂಬರ್. ಆಕೆಗೆ ಇಪ್ಪತ್ತಮೂರು ವರ್ಷ; ಎರಡನೆಯ ಮಗುವಿನ ಬಸುರಿ. ಆಗ ಪೋಲಿಯೊ ತಗುಲಿತು. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುವ ರೋಗ ಅದು. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಈ ರೋಗಕ್ಕೆ ಅಂದು ಲಸಿಕೆಯೂ ಇರಲಿಲ್ಲ. ಸಾಲ್ಕ್ ಅವರ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಭಾರತ ಪೋಲಿಯೊದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2014ರಲ್ಲಿ. ಹಿಂದಿನ ತಲೆಮಾರಿನ ಎಷ್ಟು ಕುಟುಂಬಗಳು ಈ ಹೆಸರನ್ನು ಕೇಳಿ ತತ್ತರಿಸಿದ್ದುವೆಂಬುದನ್ನು ಮನೆಯ ಹಿರಿಯರು ಬಲ್ಲರು.

ಮಗು ಆರೋಗ್ಯವಾಗಿ ಹುಟ್ಟಿತು. ತಾಯಿಯ ಮೈ ಮಾತ್ರ ಅಲುಗದಾಗಿತ್ತು. ಊರುಗೋಲು ಹಿಡಿದು ನಡೆದರೆ ಅದೇ ಭಾಗ್ಯವೆಂಬುದು ವೈದ್ಯರ ಅಭಿಪ್ರಾಯ. ಮತ್ತೆ ಕುದುರೆ ಏರುವ ಮಾತನ್ನು ಯಾರೂ ಆಡುವಂತಿರಲಿಲ್ಲ.

ಆಕೆ ಮೊದಲು ಕಲಿತದ್ದು ತೋಳನ್ನು ಎತ್ತುವುದು. ಆಮೇಲೆ ಅಂಬೆಗಾಲು. ಮನೆಯಲ್ಲಿ ಎಳೆಯ ಮಗಳು ಅಂಬೆಗಾಲಿಡುವ ಹೊತ್ತಿಗೆ ತಾಯಿಯೂ ಅದನ್ನೇ ಅಭ್ಯಾಸ ಮಾಡಬೇಕಾಗಿ ಬಂದದ್ದು ವಿಧಿಯ ವಿಚಿತ್ರ. ಆಮೇಲೆ ಊರುಗೋಲು. ಗಂಡ ಮತ್ತು ತಾಯಿಯ ನೆರವು ಆಕೆಗಿತ್ತು. ತಿಂಗಳುಗಳು ಉರುಳಿದಂತೆ ಹೆಚ್ಚಿನ ಸ್ನಾಯುಗಳಲ್ಲಿ ಬಲ ಮರಳಿತು. ಆದರೆ ಮೊಣಕಾಲಿನ ಕೆಳಗಣ ಭಾಗ ಕೊನೆಯವರೆಗೂ ಬರಲಿಲ್ಲ. ತೊಡೆ, ತೋಳು, ಕೈಗಳಲ್ಲಿಯೂ ದೌರ್ಬಲ್ಯದ ಗುರುತು ಉಳಿಯಿತು.

ಜ್ಯೂಬಿಲಿಯ ಪಾಠ

ಕಾಲಿಲ್ಲದ ಸವಾರಿಯೆಂದರೇನು ಎಂಬುದನ್ನು ಬಲ್ಲವರಷ್ಟೇ ಬಲ್ಲರು. ಸವಾರ ಕುದುರೆಯೊಡನೆ ಮಾತನಾಡುವುದು ಮೂರು ಬಗೆಯಿಂದ: ಕೈಯ ಲಗಾಮಿನಿಂದ, ಕಾಲಿನ ಒತ್ತಿನಿಂದ, ಕುಳಿತ ಮೈಯ ಭಾರದಿಂದ. ಇವುಗಳಲ್ಲಿ ಮೀನಖಂಡದ ಒತ್ತು ಅತ್ಯಂತ ಮುಖ್ಯವಾದದ್ದು. ಹಾರ್ಟೆಲ್ ಅವರಿಗೆ ಆ ಮಾತು ಹೋಗಿತ್ತು. ರಿಕಾಪಿನಲ್ಲಿ ಪಾದವಿಟ್ಟರೂ ಅದರ ಮೇಲೆ ಭಾರ ಊರುವಂತಿಲ್ಲ. ಏರುವುದಕ್ಕೂ ಇಳಿಯುವುದಕ್ಕೂ ಇತರರ ಕೈ ಬೇಕು. ಮೊದಮೊದಲ ಪ್ರಯತ್ನಗಳಲ್ಲಿ ಬಿದ್ದದ್ದೂ ಉಂಟು, ದಣಿದು ಕಂಗೆಟ್ಟದ್ದೂ ಉಂಟು.

ಆದರೆ ಆಕೆ ಹಳೆಯ ಸವಾರಿಯನ್ನೇ ಹಟದಿಂದ ಮರಳಿ ಪಡೆಯಲು ಹೊರಡಲಿಲ್ಲ. ಉಳಿದ ಶಕ್ತಿಯ ಲೆಕ್ಕ ಹಾಕಿದರು. ಬೆನ್ನು ಇದೆ; ಸೊಂಟ ಇದೆ; ಮೈಯ ಭಾರವನ್ನು ಎಡಕ್ಕೆ ಬಲಕ್ಕೆ ಸರಿಸುವ ಸೂಕ್ಷ್ಮ ಇದೆ. ಜ್ಯೂಬಿಲಿ ಎಂಬ ಹೆಣ್ಣುಗುದುರೆಗೆ ಆ ಹೊಸ ಭಾಷೆಯನ್ನು ಕಲಿಸತೊಡಗಿದರು. ಬೆನ್ನನ್ನು ತುಸು ನೆಟ್ಟಗೆ ಮಾಡಿದರೆ ಒಂದು ಅರ್ಥ, ಭಾರವನ್ನು ಒಂದು ಮೂಳೆಯಿಂದ ಇನ್ನೊಂದು ಮೂಳೆಗೆ ಸರಿಸಿದರೆ ಇನ್ನೊಂದು ಅರ್ಥ. ಜ್ಯೂಬಿಲಿ ಕಲಿಯಿತು. ಎರಡು ಜೀವಗಳ ನಡುವೆ ಮೂರನೆಯವರಿಗೆ ಕೇಳಿಸದ ಸಂಭಾಷಣೆಯೊಂದು ಬೆಳೆಯಿತು. ರೋಗ ತಗುಲಿ ಮೂರು ವರ್ಷವಾಗುವಷ್ಟರಲ್ಲಿ, 1947ರಲ್ಲಿ, ಆಕೆ ಸ್ಕಾಂಡಿನೇವಿಯದ ಮಹಿಳೆಯರ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಗಳಿಸಿದರು!

ಹೆಲ್ಸಿಂಕಿಯ ಅಂಗಣ

ಒಲಿಂಪಿಕ್ ಪಂದ್ಯಗಳ ಬಾಗಿಲು ಮಾತ್ರ ಆಕೆಗೆ ಮುಚ್ಚಿತ್ತು. ಕಾರಣ ಕಾಲಲ್ಲ, ಕಾನೂನು. 1948ರವರೆಗೆ ಒಲಿಂಪಿಕ್ ಡ್ರೆಸ್ಸಾಜ್ ಸೇನಾಧಿಕಾರಿಗಳಿಗೆ ಮೀಸಲಾಗಿತ್ತು. ಆ ಕಟ್ಟುಪಾಡು ಎಷ್ಟು ಬಿಗಿಯಾಗಿತ್ತೆಂದರೆ, 1948ರಲ್ಲಿ ಚಿನ್ನ ಗೆದ್ದ ಸ್ವೀಡನ್ ತಂಡದ ಒಬ್ಬ ಸವಾರ ನಿಜವಾಗಿ ಅಧಿಕಾರಿಯಲ್ಲ, ಕೆಳದರ್ಜೆಯ ಸಾರ್ಜೆಂಟ್ ಎಂದು ತಿಳಿದಾಗ, ಮರುವರ್ಷ ಆ ತಂಡದ ಪದಕವನ್ನೇ ಕಿತ್ತುಕೊಂಡರು! 1952ರಲ್ಲಿ ಈ ಗೋಡೆ ಬಿದ್ದಿತು. ಸೇನೆಯ ಹೊರಗಿನವರೂ ಮಹಿಳೆಯರೂ ಡ್ರೆಸ್ಸಾಜ್‌ಗೆ ಬರಬಹುದೆಂದಾಯಿತು. ಆ ವರ್ಷ ಹೆಲ್ಸಿಂಕಿಗೆ ಬಂದ ನಾಲ್ವರು ಮಹಿಳಾ ಸವಾರರಲ್ಲಿ ಹಾರ್ಟೆಲ್ ಒಬ್ಬರು. ಪುರುಷರಿಗೆ ಬೇರೆ, ಸ್ತ್ರೀಯರಿಗೆ ಬೇರೆ ಎಂಬ ವಿಂಗಡಣೆ ಅಲ್ಲಿರಲಿಲ್ಲ; ಇಂದಿಗೂ ಇಲ್ಲ. ಎಲ್ಲರೂ ಒಂದೇ ಅಂಗಣದಲ್ಲಿ, ಒಂದೇ ಅಳತೆಗೋಲಿಗೆ ಒಳಪಡಬೇಕು.

ಫಲಿತಾಂಶ ಹೊರಬಿತ್ತು. ಸ್ವೀಡನ್ನಿನ ಹೆನ್ರಿ ಸೇಂಟ್ ಸೀರ್ 561 ಅಂಕಗಳಿಂದ ಮೊದಲಿಗರು. ಲಿಸ್ ಹಾರ್ಟೆಲ್ 541.5 ಅಂಕಗಳಿಂದ ಎರಡನೆಯವರು. ಫ್ರಾನ್ಸಿನ ಅನುಭವಿ ಸವಾರ ಆಂಡ್ರೆ ಜೂಸೋಮ್ 541. ಹಿಂದೆ ಬಿದ್ದದ್ದು ಕೇವಲ ಅರ್ಧ ಅಂಕದಿಂದ. ಕುದುರೆಯ ಮೇಲಿದ್ದಷ್ಟು ಹೊತ್ತು ಆಕೆಗೂ ಉಳಿದವರಿಗೂ ಯಾವ ಭೇದವೂ ಕಂಡಿರಲಿಲ್ಲ. ಪದಕ ಸ್ವೀಕರಿಸುವ ವೇದಿಕೆಯ ಮೆಟ್ಟಿಲು ಎದುರಾದಾಗ ಮಾತ್ರ ಭೇದ ಕಂಡಿತು. ಆಗ ಚಿನ್ನ ಗೆದ್ದ ಸೇಂಟ್ ಸೀರ್ ಮುಂದೆ ಬಂದು, ಎರಡನೆಯ ಸ್ಥಾನದ ಆಕೆಗೆ ಆಸರೆಯಾಗಿ ವೇದಿಕೆಯ ಮೇಲೆ ನಿಲ್ಲಿಸಿದರು. ಕ್ರೀಡೆಯ ಇತಿಹಾಸದಲ್ಲಿ ಸೌಜನ್ಯದ ಇಂಥ ಚಿತ್ರಗಳು ವಿರಳ.

ಅದು ಆಕಸ್ಮಿಕವಲ್ಲವೆಂಬುದಕ್ಕೆ ನಾಲ್ಕು ವರ್ಷಗಳ ಅನಂತರ ಸಾಕ್ಷ್ಯ ದೊರೆಯಿತು. 1956ರ ಒಲಿಂಪಿಕ್ಸ್ ನಡೆದದ್ದು ಮೆಲ್ಬರ್ನ್‌ನಲ್ಲಾದರೂ, ಹೊರನಾಡಿನ ಕುದುರೆಗಳನ್ನು ಒಳಗೆ ಬಿಡುವ ವಿಷಯದಲ್ಲಿ ಆಸ್ಟ್ರೇಲಿಯದ ಕಟ್ಟಳೆಗಳು ಬಿಗಿಯಾಗಿದ್ದ ಕಾರಣ ಅಶ್ವಸ್ಪರ್ಧೆಗಳು ಮಾತ್ರ ಸ್ಟಾಕ್‌ಹೋಮ್‌ನಲ್ಲಿ ನಡೆದವು. ಅಲ್ಲಿಯೂ ಸೇಂಟ್ ಸೀರ್ 860, ಹಾರ್ಟೆಲ್ 850. ಮತ್ತೆ ಅದೇ ಜ್ಯೂಬಿಲಿ, ಮತ್ತೆ ಬೆಳ್ಳಿ. ಮೂರನೆಯ ಸ್ಥಾನವೂ ಈ ಬಾರಿ ಒಬ್ಬ ಮಹಿಳೆಗೇ ಸಂದಿತು—ಜರ್ಮನಿಯ ಲಿಸೆಲೋಟ್ ಲಿನ್ಸೆನ್‌ಹೋಫ್ ಅವರಿಗೆ.

ಮೆಟ್ಟಿಲು ಮೆಟ್ಟಿಲಾಗಿ

ಈ ವೃತ್ತಾಂತವನ್ನು ಕೇಳಿ, “ಆಕೆ ಅಸಾಮಾನ್ಯಳು, ನಮ್ಮಂಥವರ ಮಾತೇ ಬೇರೆ” ಎಂದು ಕೈಮುಗಿದು ಕುಳಿತುಬಿಡುವುದು ಸುಲಭ. ಆದರೆ ಆಕೆ ಹಿಡಿದ ದಾರಿಯಲ್ಲಿ ಅಸಾಮಾನ್ಯವಾದದ್ದು ಏನಿತ್ತು? ತೋಳು, ಆಮೇಲೆ ಅಂಬೆಗಾಲು, ಆಮೇಲೆ ಊರುಗೋಲು, ಆಮೇಲೆ ಜೀನು. ಒಂದೊಂದು ಮೆಟ್ಟಿಲೂ ಕಿರಿದು. ಆತ್ಮವಿಶ್ವಾಸ ಬಂದ ಮೇಲೆ ಏರೋಣವೆಂದು ಆಕೆ ಕಾದಿದ್ದರೆ ಇಂದಿಗೂ ಕಾಯುತ್ತಲೇ ಇರಬೇಕಾಗಿತ್ತು. ಏರಿದ್ದರಿಂದ ವಿಶ್ವಾಸ ಬಂದಿತು. ಆ ವಿಶ್ವಾಸ ಮುಂದಿನ ಮೆಟ್ಟಿಲಿಗೆ ಸಾಕಾಯಿತು.

ನುರಿತ ಗುರುಗಳು ಭಯಗೊಂಡ ಸವಾರರನ್ನು ನಡೆಸುವ ಕ್ರಮವೂ ಇದೇ. ಮೊದಲು ಏರುವ ಮಾತೇ ಇಲ್ಲ. ಲಾಯಕ್ಕೆ ಹೋಗಿ ಕುದುರೆಯ ಮೈ ತಿಕ್ಕುವುದು, ಗೊರಸು ಶುಚಿ ಮಾಡುವುದು, ಹಗ್ಗ ಹಿಡಿದು ನಡೆಸುವುದು. ಭುಜದ ಪಕ್ಕದಲ್ಲಿ ನಿಂತು ಅದರ ಕಿವಿಗಳ ಭಾಷೆಯನ್ನು ಓದಲು ಕಲಿತರೆ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ. ಗೊತ್ತಿಲ್ಲದ ಪ್ರಾಣಿಯ ಮೇಲೆ ಕೂರುವುದು ಬೇರೆ, ಗೊತ್ತಿರುವ ಪ್ರಾಣಿಯ ಮೇಲೆ ಕೂರುವುದು ಬೇರೆ.

ಅನಂತರ ವಯಸ್ಸಾದ, ಶಾಂತಸ್ವಭಾವದ ಕುದುರೆಯೊಂದನ್ನು ಆರಿಸಿ, ಉದ್ದನೆಯ ಹಗ್ಗದ ತುದಿಯಲ್ಲಿ ಗುರು ಅದನ್ನು ವೃತ್ತಾಕಾರವಾಗಿ ನಡೆಸುತ್ತಾರೆ. ಕುದುರೆಯನ್ನು ಹಿಡಿತದಲ್ಲಿಡುವ ಹೊಣೆ ಗುರುವಿನದು. ಸವಾರನಿಗೆ ಕುಳಿತುಕೊಳ್ಳುವುದೊಂದೇ ಕೆಲಸ. ವಿಯೆನ್ನಾದ ಪ್ರಸಿದ್ಧ ಸ್ಪ್ಯಾನಿಷ್ ಸವಾರಿ ಶಾಲೆಯಲ್ಲಿ ಹೊಸಬರನ್ನು ಲಗಾಮೂ ರಿಕಾಪೂ ಇಲ್ಲದೆ ದೀರ್ಘಕಾಲ ಹೀಗೆಯೇ ಕೂರಿಸುತ್ತಾರೆ. ಹಾಗಿರುವಾಗ ಮರಳಿ ಕಲಿಯುವ ನಡುವಯಸ್ಸಿನವರು ಹಗ್ಗದ ತುದಿಯಲ್ಲಿ ಸುತ್ತುವುದಕ್ಕೆ ನಾಚಬೇಕಾದದ್ದೇನಿದೆ? ನಡಿಗೆ ಒಗ್ಗಿದ ಮೇಲೆ ಕುಕ್ಕುಲೋಟ. ಅದು ಒಗ್ಗಿದ ಮೇಲೆ ಅದಕ್ಕಿಂತ ವೇಗ. ನಾಗಾಲೋಟಕ್ಕೆ ಅವಸರವಿಲ್ಲ.

ಉಸಿರಿನ ವಿಷಯವನ್ನೂ ಮರೆಯಬಾರದು. ಹೆದರಿದಾಗ ನಾವು ಉಸಿರು ಹಿಡಿಯುತ್ತೇವೆ. ಹಿಡಿದೊಡನೆ ಬೆನ್ನು ಬಿಗಿಯುತ್ತದೆ. ಅದು ಕುದುರೆಗೆ ತಿಳಿಯುತ್ತದೆ. ನಿಡಿದಾಗಿ ಉಸಿರು ಬಿಟ್ಟರೆ ಸೊಂಟ ಸಡಿಲಗೊಂಡು ಜೀನಿನಲ್ಲಿ ಆಳವಾಗಿ ಕೂರುತ್ತದೆ. ಎದೆ ನಡುಗುತ್ತಿದ್ದರೂ ಉಸಿರನ್ನು ನಿಡಿದು ಮಾಡುವುದು ನಮ್ಮ ಕೈಯಲ್ಲಿದೆ. ಇವುಗಳ ಜೊತೆಗೆ ಗಟ್ಟಿಯಾದ ಶಿರಸ್ತ್ರಾಣ, ಹಿಮ್ಮಡಿಯುಳ್ಳ ಪಾದರಕ್ಷೆ, ಪಕ್ಕದಲ್ಲಿ ಬಲ್ಲವರೊಬ್ಬರು—ಈ ಮೂರನ್ನು ಎಂದೂ ಬಿಡಬಾರದು. ಭಯವೆಲ್ಲವೂ ಶತ್ರುವಲ್ಲ. ನಾಲ್ಕೈದು ನೂರು ಕಿಲೋ ತೂಗುವ ಪ್ರಾಣಿಯ ಎದುರು ಎಚ್ಚರ ಇರಲೇಬೇಕು. ಎಚ್ಚರ ಉಳಿದು ದಿಗಿಲು ಹೋಗುವುದೇ ಗುರಿ.

ಬೆಳ್ಳಿಯ ಬೆಳಕು

ಹಾರ್ಟೆಲ್ ಅವರ ಗೆಲವು ಒಬ್ಬರ ಗೆಲವಾಗಿ ನಿಲ್ಲಲಿಲ್ಲ. ಕುದುರೆ ನಡೆಯುವಾಗ ಅದರ ಬೆನ್ನು ಸವಾರನ ಸೊಂಟವನ್ನು ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ತೂಗುತ್ತದೆ. ಆ ಚಲನೆ ಮನುಷ್ಯ ತಾನೇ ನಡೆಯುವಾಗ ಸೊಂಟದಲ್ಲಿ ಉಂಟಾಗುವ ಚಲನೆಯನ್ನೇ ಹೋಲುತ್ತದೆ. ನಡೆಯಲಾರದವನ ಸೊಂಟಕ್ಕೂ ಬೆನ್ನಿಗೂ ನಡಿಗೆಯ ಅನುಭವವನ್ನು ಕುದುರೆ ಹೀಗೆ ಕೊಡಬಲ್ಲದು. ಅಂಗವೈಕಲ್ಯವುಳ್ಳವರಿಗೆ ಸವಾರಿಯನ್ನು ಚಿಕಿತ್ಸೆಯಾಗಿ ಬಳಸುವ ಶಾಲೆಗಳು ಆಕೆಯ ನಿದರ್ಶನದಿಂದ ಸ್ಫೂರ್ತಿಗೊಂಡು ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಬೆಳೆದವು. ಬ್ರಿಟನ್ನಿನಲ್ಲಿ ಇದಕ್ಕೆಂದೇ 1969ರಲ್ಲಿ ಸಂಘವೊಂದು ಸ್ಥಾಪಿತವಾಯಿತು. 1996ರಲ್ಲಿ ಅಟ್ಲಾಂಟದ ಪ್ಯಾರಾಲಿಂಪಿಕ್ ಪಂದ್ಯಗಳಲ್ಲಿ ಡ್ರೆಸ್ಸಾಜ್ ಸೇರ್ಪಡೆಯಾದಾಗ ಹಾರ್ಟೆಲ್ ಇನ್ನೂ ಬದುಕಿದ್ದರು. 2009ರ ಫೆಬ್ರುವರಿಯಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡರು.

ನಮ್ಮ ನಾಡಿಗೂ ಈ ವಿದ್ಯೆ ಹೊರಗಿನದಲ್ಲ. ದಸರೆಯ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರನ್ನು ಕಂಡು ಬೆರಗಾಗದ ಬಾಲಕರು ಮೈಸೂರು ಸೀಮೆಯಲ್ಲಿ ಇರಲಾರರು. ಬೆಂಗಳೂರಿನ ಫೌಆದ್ ಮಿರ್ಜಾ 2018ರ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇಪ್ಪತ್ತಮೂರನೆಯ ಸ್ಥಾನ ಪಡೆದರು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಡ್ರೆಸ್ಸಾಜ್ ತಂಡ ಚಿನ್ನ ಗೆದ್ದಿತು. ಏಷ್ಯನ್ ಕ್ರೀಡೆಗಳ ಅಶ್ವಸ್ಪರ್ಧೆಯಲ್ಲಿ ನಮಗೆ ಚಿನ್ನ ಬಂದದ್ದು ನಲವತ್ತೊಂದು ವರ್ಷಗಳ ಅನಂತರ. ಆ ತಂಡದ ನಾಲ್ವರಲ್ಲಿ ಇಬ್ಬರು ಯುವತಿಯರು, ದಿವ್ಯಕೃತಿ ಸಿಂಗ್ ಮತ್ತು ಸುದೀಪ್ತಿ ಹಜೇಲ. 1952ರಲ್ಲಿ ತೆರೆದ ಬಾಗಿಲಿನಿಂದಲೇ ಇವರೂ ಒಳಬಂದವರು.

ನಮ್ಮಲ್ಲಿ ಹೆಚ್ಚಿನವರು ಒಲಿಂಪಿಕ್ ಅಂಗಣವನ್ನು ಕಾಣುವವರಲ್ಲ. ಕೆಲವರು ಕುದುರೆಯನ್ನೂ ಏರದಿರಬಹುದು. ಆದರೆ ಎಂದೋ ಬಿದ್ದು ಬಿಟ್ಟುಬಿಟ್ಟ ಒಂದು ವಿದ್ಯೆ—ಅದು ಈಜಿರಬಹುದು, ಸೈಕಲ್ಲಿರಬಹುದು, ಸಭೆಯಲ್ಲಿ ಎದ್ದು ನಿಂತು ಹಾಡುವುದಿರಬಹುದು—ಪ್ರತಿಯೊಬ್ಬರ ಮನೆಯ ಮೂಲೆಯಲ್ಲಿಯೂ ಉಂಟು. ಅದನ್ನು ಮತ್ತೆ ಎತ್ತಿಕೊಳ್ಳುವ ದಿನ, ಹಳೆಯ ಬಲವೆಲ್ಲ ಮರಳಲಿ ಎಂದು ಕಾಯಬೇಕಾಗಿಲ್ಲ. ಉಳಿದಿರುವುದು ಎಷ್ಟೆಂದು ಎಣಿಸಿಕೊಂಡು, ತೋಳೆತ್ತುವುದರಿಂದ ಆರಂಭಿಸಿದರೆ ಸಾಕು.